ಡೆತ್ ವ್ಯಾಲಿಯ ಹಳದಿ ಹೂವು ಯಾವುದು?

ಕ್ಯಾಲಿಫೋರ್ನಿಯಾದ ಮರುಭೂಮಿ ಕಣಿವೆ ಡೆತ್ ವ್ಯಾಲಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಹೋದವರು ಹಳದಿ ಹೂವನ್ನೆಲ್ಲ ಸುಮ್ನೆ ಸೂರ್ಯಕಾಂತಿ ಅಂದುಬಿಡುತ್ತಾರೆ. ರಸ್ತೆ ಬದಿಯಲ್ಲಿ ಜಾಸ್ತಿ ಕಾಣುವುದು ಡೆಸರ್ಟ್ ಗೋಲ್ಡ್. 2016ರಲ್ಲಿ ಎಂದಿಗಿಂತ ಜಾಸ್ತಿ ಹೂವರಳಿದಾಗ ಕಣಿವೆಗೆ ಬಣ್ಣ ಬಳಿದಿದ್ದೂ ಇದೇ.

ಗುರುತಿಸಬೇಕೆಂದರೆ ಮೇಲಿಂದ ನೋಡಿದರೆ ಸಾಲದು. ಮಂಡಿಯೂರಿ ಹೂವಿನ ಅಡಿ ನೋಡಿ. ಎಸಳು ಕೂತಿರುವ ಹಸಿರು ಬಟ್ಟಲಿನ ಅಂಚಿಗೆ ಉದ್ದುದ್ದ ಬಿಳಿ ಕೂದಲು, ಮುದುಕನ ಹುಬ್ಬಿನ ಹಾಗೆ! ಎಲೆ, ಕಾಂಡದ ಮೇಲೂ ರೋಮ. ಹೂವಿನ ನಡುವಿನ ದುಂಡು ಬಿಲ್ಲೆಯೂ ಹಳದಿಯೇ.

ಆಮೇಲೆ ಗಿಡದ ಬುಡ ನೋಡಿ. ಕಟ್ಟಿಗೆಯಂತೆ ಗಟ್ಟಿಯಾಗಿದ್ದು, ಬೂದು ಎಲೆಯ ಗುಂಡನೆಯ ಪೊದೆಯಾಗಿದ್ದರೆ ಅದು ಬ್ರಿಟಲ್‌ಬುಷ್, ವರ್ಷಗಟ್ಟಲೆ ಬಾಳುವಂಥದ್ದು. ಡೆಸರ್ಟ್ ಗೋಲ್ಡ್ ಮಳೆಗೆ ಹುಟ್ಟಿ, ಬೀಜ ಉದುರಿಸಿ, ಬೇಸಿಗೆಗೆ ಒಣಗಿಹೋಗುತ್ತದೆ. ತಿಳಿ ಹಳದಿ, ನಡುವೆ ಬಿಲ್ಲೆಯೇ ಇಲ್ಲ ಅಂದರೆ ಡೆಸರ್ಟ್ ಡ್ಯಾಂಡೆಲಿಯನ್ ಇರಬಹುದು.

ಕೀಳಬೇಡಿ, ನ್ಯಾಷನಲ್ ಪಾರ್ಕ್ ಅಲ್ವಾ. ಅಡಿಯಿಂದ ಒಂದು ಫೋಟೋ ಸಾಕು.