ಬೋರ್‌ವೆಲ್ ನೀರಲ್ಲೂ ಉಪ್ಪಿನ ಪೂಲ್ ಬಾಳಿತು: ನನ್ನ ಅನುಭವ

ಗಡಸು ಬೋರ್ ನೀರಿಗೆ ಸಾಲ್ಟ್ ಕ್ಲೋರಿನೇಟರ್ ಹಾಕಿಸಬೇಡಿ, ಸೆಲ್ ಬಾಳಲ್ಲ ಅಂತ ನನಗೆ ಹೇಳದವರಿಲ್ಲ. ಪೂಲ್ ನೀರಿಗೆ ಬೆರೆಸಿದ ಉಪ್ಪಿನಿಂದಲೇ ವಿದ್ಯುತ್ ಹರಿಸಿ ಕ್ಲೋರಿನ್ ಮಾಡುವ ಯಂತ್ರ ಅದು, ಆ ಕೆಲಸ ಮಾಡುವ ಪ್ಲೇಟುಗಳ ಜೋಡಣೆಯೇ ಸೆಲ್. ಪೂಲ್ ಕಟ್ಟಿದವರು ಹೇಳಿದರು, ಕೆಮಿಕಲ್ ಮಾರುವವರು ಹೇಳಿದರು, ಪಕ್ಕದ ಲೇಔಟ್‌ನಲ್ಲಿ ಸಿಸ್ಟಮ್ ಕಿತ್ತುಹಾಕಿ ಮತ್ತೆ ಕ್ಲೋರಿನ್ ಮಾತ್ರೆಗೆ ಹೋದವರೂ ಹೇಳಿದರು. ದೊಡ್ಡಬಳ್ಳಾಪುರದ ಕಡೆ ಇರುವ ನಮ್ಮ ಮನೆಯ ಪೂಲ್‌ನಲ್ಲಿ ಈಗಿರುವ ಸೆಲ್ ಎರಡು ಬೇಸಿಗೆ ದಾಟಿದೆ. ಮೊನ್ನೆ ಬಿಚ್ಚಿ ಬೆಳಕಿಗೆ ಹಿಡಿದೆ. ಪ್ಲೇಟುಗಳ ಸಂದಿಯಲ್ಲಿ ಆಚೆ ಕಡೆಯ ಗೋಡೆ ಕಾಣುತ್ತಿತ್ತು, ಅಂಚಿನಲ್ಲಿ ಒಂದು ಬಿಳಿ ಗೆರೆ ಬಿಟ್ಟರೆ ಸುಣ್ಣವೇ ಇಲ್ಲ. ಹಳೇ ಸೆಲ್ ಬಿಚ್ಚಿದಾಗಲೆಲ್ಲ ಹಪ್ಪಳದ ಚೂರಿನಂಥ ಸುಣ್ಣ ಕೈಗೆ ಉದುರುತ್ತಿತ್ತು.

ಪೂಲ್ ಅಂದಾಜು 45 ಸಾವಿರ ಲೀಟರಿನದು, ಎಂಟು ಮೀಟರಿಗೆ ನಾಲ್ಕು ಮೀಟರ್, ಟೈಲ್ಸ್‌ಗೆ ಸಿಮೆಂಟ್ ಗ್ರೌಟ್. ಬೋರ್ ನೀರಿನ ಗಡಸುತನ (ಕರಗಿದ ಸುಣ್ಣದ ಅಂಶ) 700 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಆಸುಪಾಸು, ಆಲ್ಕಲಿನಿಟಿ (ಆಸಿಡ್ ತಡೆದುಕೊಳ್ಳುವ ಬೈಕಾರ್ಬನೇಟ್ ಅಂಶ) 350. ಈ ಎರಡನೇ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗಡಸುತನದ್ದೇ ಚಿಂತೆ. ನನ್ನ ಪ್ರಕಾರ ಸೆಲ್ ಕೊಲ್ಲುವುದರಲ್ಲಿ ದೊಡ್ಡ ಪಾಲು ಆಲ್ಕಲಿನಿಟಿಯದು.

ಮೊದಲ ಎರಡು ವರ್ಷ ನಡೆದದ್ದು ಹೀಗೆ. ಉಪ್ಪಿನ ಪೂಲ್‌ನಲ್ಲಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಏರುತ್ತಲೇ ಇರುತ್ತೆ. ಏರಿದಷ್ಟೂ ಸುಣ್ಣ ಕಟ್ಟುತ್ತೆ. ಸೆಲ್‌ನಿಂದ ಬರುವ ಹೈಡ್ರೋಜನ್ ಗುಳ್ಳೆಗಳು ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ಎಳೆಯುತ್ತವೆ. ಆಲ್ಕಲಿನಿಟಿ ಜಾಸ್ತಿ ಇದ್ದಷ್ಟೂ ಹೊರಹೋಗುವ ಅನಿಲ ಜಾಸ್ತಿ, ಪಿಎಚ್ ಏರುವ ವೇಗವೂ ಜಾಸ್ತಿ. ಡೀಲರ್ ಕಡೆಯವರು ಆಲ್ಕಲಿನಿಟಿ 120 ಇರಲೇಬೇಕು ಅಂತ ಪಟ್ಟು ಹಿಡಿದಿದ್ದರು. ಪಿಎಚ್ 8.2 ಮುಟ್ಟಿದರೆ ದಿನ ಬಿಟ್ಟು ದಿನ ಅರ್ಧ ಲೀಟರ್ ಆಸಿಡ್. ಅದರಿಂದ ಆಲ್ಕಲಿನಿಟಿ ಇಳಿದರೆ ತಿಂಗಳಿಗೊಮ್ಮೆ ಅಡುಗೆ ಸೋಡಾ ಸುರಿದು ಮತ್ತೆ ಏರಿಸುವುದು. ಆಸಿಡ್ ಇಳಿಸಿದ್ದನ್ನು ಸೋಡಾ ಏರಿಸುತ್ತಿತ್ತು, ಸೋಡಾ ಏರಿಸಿದ್ದಕ್ಕೆ ಮತ್ತೆ ಆಸಿಡ್. ಎರಡಕ್ಕೂ ದುಡ್ಡು ನನ್ನದು. ಮೂವತ್ತೈದು ಲೀಟರಿನ ಆಸಿಡ್ ಕ್ಯಾನು ನಾಲ್ಕು ತಿಂಗಳಿಗೆ ಖಾಲಿಯಾಗುತ್ತಿತ್ತು. ಸೆಲ್ ತೊಳೆಯುವುದಕ್ಕೆ ಬೇರೆ. ಪದೇ ಪದೇ ಆಸಿಡ್ಡಿನಲ್ಲಿ ತೊಳೆದು ತೊಳೆದೇ ಪ್ಲೇಟಿನ ಲೇಪ ಸವೆದು ಮೊದಲ ಸೆಲ್ ಸತ್ತಿತು. ಹೊಸದಕ್ಕೆ ನಲವತ್ತೈದು ಸಾವಿರದ ಹತ್ತಿರ ಕೊಟ್ಟೆ.

ಆಮೇಲೆ ಸಾಫ್ಟ್‌ನರ್ ಸಲಹೆ ಬಂತು. ಹಾಕಿಸಿದೆ, ಅದಕ್ಕೂ ಮೂವತ್ತು ನಲವತ್ತು ಸಾವಿರ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತೆ ಅಷ್ಟೇ, ಆಲ್ಕಲಿನಿಟಿಯನ್ನು ಮುಟ್ಟುವುದೇ ಇಲ್ಲ. 350 ಹೋದದ್ದು 350 ಆಗಿಯೇ ಹೊರಬಂತು. ಪಿಎಚ್ ಓಟ ಹಾಗೇ ಮುಂದುವರಿಯಿತು. ಈಗ ಅದು ಸ್ನಾನದ ಮನೆಗಳಿಗೆ ನೀರು ಕೊಡುತ್ತಿದೆ, ಅಲ್ಲಿ ಚೆನ್ನಾಗಿದೆ. ಆರ್‌ಒ ಕೂಡ ವಿಚಾರಿಸಿದೆ. ನೀರು ಸಿಗದ ಊರಲ್ಲಿ ರಿಜೆಕ್ಟ್ ಅಂತ ಅಷ್ಟು ನೀರನ್ನು ಚರಂಡಿಗೆ ಬಿಡಲು ಮನಸ್ಸು ಒಪ್ಪಲಿಲ್ಲ.

ಕಣ್ಣು ತೆರೆಸಿದ್ದು ಆವಿಯಾಗುವ ನೀರಿನ ಲೆಕ್ಕ. ಮಾರ್ಚ್-ಏಪ್ರಿಲ್‌ನಲ್ಲಿ ನನ್ನ ಪೂಲ್‌ನಿಂದ ವಾರಕ್ಕೆ ಸುಮಾರು ಸಾವಿರ ಲೀಟರ್ ಹೋಗುತ್ತೆ. ಹೋಗುವುದು ಬರೀ ನೀರು, ಸುಣ್ಣ ಅಲ್ಲೇ ಉಳಿಯುತ್ತೆ. ಆ ಜಾಗಕ್ಕೆ ಬೋರ್ ನೀರು ತುಂಬಿದರೆ ಪ್ರತಿ ವಾರ ಗಡಸುತನ ಹದಿನೈದು ಪಿಪಿಎಂ, ಆಲ್ಕಲಿನಿಟಿ ಏಳೆಂಟು ಪಿಪಿಎಂ ಏರುತ್ತೆ. ಬೇಸಿಗೆ ಮುಗಿಯುವ ಹೊತ್ತಿಗೆ ಗಡಸುತನ ಇನ್ನೂರು ಮುನ್ನೂರು ಪಿಪಿಎಂ ಏರಿರುತ್ತೆ. ನನ್ನದು 900 ದಾಟಿತ್ತು. ಆ ನೀರಿಗೆ ಎಲ್‌ಎಸ್‌ಐ (ನೀರು ಸುಣ್ಣ ಕಟ್ಟುತ್ತೋ ಕರಗಿಸುತ್ತೋ ಅಂತ ಹೇಳುವ ಸೂಚ್ಯಂಕ, ಸೊನ್ನೆ ಅಂದರೆ ಸಮತೋಲ) ಲೆಕ್ಕ ಹಾಕಿ ನೋಡಿ, ಪ್ಲಸ್ ಒಂದರ ಮೇಲೆ ಬರುತ್ತೆ. ಸೆಲ್ ಒಳಗೆ ಪ್ಲೇಟಿನ ಹತ್ತಿರ ಪಿಎಚ್ ಇನ್ನೂ ಜಾಸ್ತಿ. ಸುಣ್ಣ ಕಟ್ಟದೆ ಏನಾಗುತ್ತೆ?

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಮಾಡಿತು. ನಮಗೆ ಕಾವೇರಿ ನೀರೇ ಇಲ್ಲ, ಆದರೆ ಆ ಬೇಸಿಗೆಯಲ್ಲಿ ಟ್ಯಾಂಕರ್‌ಗೂ ಬರ. ಆಗಲೇ ನಿರ್ಧರಿಸಿದ್ದು: ಪೂಲ್ ಬದುಕಿದರೆ ಮಳೆ ನೀರಲ್ಲಿ ಬದುಕಬೇಕು. ಸಾವಿರದ ಆರುನೂರು ಚದರಡಿ ತಾರಸಿ ಇದೆ. ಎರಡಿಂಚು ಮಳೆ ಬಿದ್ದರೆ ಆರು ಸಾವಿರ ಲೀಟರ್ ಸಿಗುತ್ತೆ. ಇಪ್ಪತ್ತು ಸಾವಿರ ಲೀಟರಿನ ಸಂಪ್ ತೋಡಿಸಿದೆ. ಒಂದೂವರೆ ಲಕ್ಷಕ್ಕೆ ಹತ್ತಿರ ಬಂತು, ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಆದರೆ ಜನವರಿಯಿಂದ ಮೇ ತನಕದ ಟಾಪ್‌ಅಪ್‌ಗೆ ಸರಿಯಾಗಿ ಅಷ್ಟೇ ಸಾಕು. ಮೊದಲ ಮಳೆಯ ನೀರನ್ನು ಮಾತ್ರ ಹೊರಗೆ ಬಿಡಬೇಕು.

ಆ ವರ್ಷದ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಪೂಲ್ ನೀರನ್ನು ಮೂರನೇ ಒಂದು ಪಾಲಿನಂತೆ ಎರಡು ಮೂರು ಕಂತಿನಲ್ಲಿ ತೆಗೆದು ಮಳೆ ನೀರು ಬಿಟ್ಟೆ. ಗಡಸುತನ 350ಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಹೋಗಲು ಬಿಡಬೇಡಿ. ಬರೀ ಮಳೆ ನೀರಾದರೆ ಅದು ಗ್ರೌಟನ್ನೇ ತಿನ್ನುತ್ತೆ. ಹಾಗಾಗಿ ಒಂದಿಷ್ಟು ಬೋರ್ ನೀರು ಬೆರೆಸಲೇಬೇಕು. ಯಾವ ತಿಂಗಳಿಗೆ ಎಷ್ಟು ಅನ್ನುವ ನನ್ನ ಪಟ್ಟಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ನಿಮ್ಮ ಬೋರ್ ನೀರಿಗೆ ಅದು ಹೇಗೂ ಹೊಂದುವುದಿಲ್ಲ.

ತೆಗೆದ ನೀರನ್ನು ತೋಟದ ಮೂಲೆಗೆ ಬಿಟ್ಟು ನೋಡಿದೆ. ತೆಂಗು ಕ್ಯಾರೇ ಅನ್ನಲಿಲ್ಲ. ಕರಿಬೇವು ಒಣಗಿತು, ದಾಸವಾಳದ ಎಲೆ ಅಂಚು ಸುಟ್ಟಿತು. ತೆಂಗಿಗೂ ಪದೇ ಪದೇ ಬಿಡುವುದು ಬೇಡ, ಮಣ್ಣು ಕೆಡುತ್ತೆ.

ಈಗ ಆಲ್ಕಲಿನಿಟಿ. ಅದನ್ನು 65ಕ್ಕೆ ತರುತ್ತೇನೆ ಅಂದಾಗ ಡೀಲರ್ ಕಡೆಯವರು ಪಿಎಚ್ ಕುಣಿಯುತ್ತೆ, ಟೈಲ್ಸ್ ಕಿತ್ತು ಬರುತ್ತೆ ಅಂತ ಹೆದರಿಸಿದರು. ನನ್ನ ಪೂಲ್‌ಗೆ ಒಂದು ಲೀಟರ್ ಆಸಿಡ್ ಆಲ್ಕಲಿನಿಟಿಯನ್ನು ಹತ್ತು ಹನ್ನೊಂದು ಪಿಪಿಎಂ ಇಳಿಸುತ್ತೆ. ಪಿಎಚ್ 7.2ಕ್ಕೆ ತಂದು, ಪೂಲ್‌ಗೆ ನೀರು ಮರಳಿ ಬರುವ ರಿಟರ್ನ್ ಜೆಟ್‌ಗಳ ಮೂತಿ ಮೇಲಕ್ಕೆ ತಿರುಗಿಸಿ ನೀರು ಕುದಿಯುವ ಹಾಗೆ ಬಿಟ್ಟೆ. ಗಾಳಿ ಬೆರೆತು ಪಿಎಚ್ ತಾನೇ ಏರುತ್ತೆ, ಆಲ್ಕಲಿನಿಟಿ ಏರುವುದಿಲ್ಲ. ಮತ್ತೆ ಆಸಿಡ್, ಮತ್ತೆ ಗಾಳಿ. ವಾರದೊಳಗೆ 65ಕ್ಕೆ ಬಂತು. ಆಮೇಲಿಂದ ಪಿಎಚ್ 7.6ರಿಂದ 7.8ಕ್ಕೆ ಹೋಗಲು ವಾರ ಬೇಕು. ವಾರಕ್ಕೆ ಕಾಲು ಲೀಟರ್ ಆಸಿಡ್. ಅಂದು ತಂದ ಕ್ಯಾನು ವರ್ಷ ದಾಟಿದರೂ ತಳ ಕಂಡಿಲ್ಲ. ಸೋಡಾ ಮೂಟೆ ಬಿಚ್ಚಿಯೇ ಇಲ್ಲ. ಎಲ್‌ಎಸ್‌ಐ ಸೊನ್ನೆಗಿಂತ ಕೂದಲೆಳೆ ಕೆಳಗೆ. ಟೈಲ್ಸ್ ಒಂದೂ ಅಲುಗಿಲ್ಲ.

ಬೋರಿಕ್ ಆಸಿಡ್ ಪ್ರಯೋಗವನ್ನೂ ಮಾಡಿದೆ. ಕೇರಂ ಬೋರ್ಡಿಗೆ ಉದುರಿಸುವ ಪುಡಿಯೇ. 50 ಪಿಪಿಎಂ ಬೋರಾನ್ ಬರಲು ಹದಿಮೂರು ಕಿಲೋ ಬೇಕಾಯಿತು. ಪಿಎಚ್ ಏರುವುದು ಇನ್ನೂ ನಿಧಾನವಾಯಿತು ನಿಜ, ಆದರೆ ಕೊಟ್ಟ ದುಡ್ಡಿಗೆ ಅಷ್ಟು ಲಾಭ ಕಾಣಲಿಲ್ಲ. ಆಲ್ಕಲಿನಿಟಿ ಇಳಿಸದೆ ಬರೀ ಇದನ್ನು ಹಾಕಿದರೆ ಪ್ರಯೋಜನವಿಲ್ಲ. ಮನೆಯಲ್ಲಿ ನಾಯಿ ಇದ್ದು ಪೂಲ್ ನೀರು ಕುಡಿಯುವ ಅಭ್ಯಾಸವಿದ್ದರೆ ಇದನ್ನು ಹಾಕಲೇಬೇಡಿ.

ಟೆಸ್ಟ್ ಬಗ್ಗೆ ಒಂದು ಮಾತು. ಹಳದಿ ಬಣ್ಣ ಬರುವ ಓಟಿಒ ಕಿಟ್ ಒಟ್ಟು ಕ್ಲೋರಿನ್ ತೋರಿಸುತ್ತೆ, ಫ್ರೀ ಕ್ಲೋರಿನ್ (ಪಾಚಿ ಕೊಲ್ಲಲು ಇನ್ನೂ ಉಳಿದಿರುವ ಪಾಲು) ಅಲ್ಲ. ಅದನ್ನು ನಂಬಿ ಕೂತರೆ ಒಂದು ದಿನ ಬೆಳಗ್ಗೆ ನೀರು ಹಸಿರು. ಅಮೆರಿಕದಲ್ಲಿರುವ ಭಾವಮೈದುನನ ಕೈಲಿ ಹನಿ ಲೆಕ್ಕದ ಕಿಟ್ ತರಿಸಿದೆ. ಗಡಸುತನ, ಆಲ್ಕಲಿನಿಟಿಗೆ ಸಿಗಡಿ ಸಾಕುವವರು ಬಳಸುವ ಅಗ್ಗದ ಕಿಟ್ ಸಾಕು. ಕ್ಲೋರಿನೇಟರ್ ಪರದೆಯಲ್ಲಿ ಬರುವ ಉಪ್ಪಿನ ಅಂಕಿಯನ್ನಂತೂ ನಂಬಬೇಡಿ. ಅದು ಅಳೆಯುವುದು ವಿದ್ಯುತ್ ಹರಿಯುವುದನ್ನು. ಬೋರ್ ನೀರಿನ ಲವಣವೂ ಅದರಲ್ಲಿ ಸೇರಿಕೊಳ್ಳುತ್ತೆ, ಡಿಸೆಂಬರ್ ಚಳಿಗೆ ಅಂಕಿ ತಾನೇ ಕುಸಿಯುತ್ತೆ. ಆಗ ಮೂಟೆ ಸುರಿದವರು ಬೇಸಿಗೆಯಲ್ಲಿ ಹೈ ಸಾಲ್ಟ್ ಅಂತ ಪೇಚಾಡುತ್ತಾರೆ. ನಾನು ಉಪ್ಪನ್ನು 3,200 ಪಿಪಿಎಂ ಇಡುತ್ತೇನೆ. ಹೊಸದಾಗಿ ತುಂಬಿದರೆ ಇಪ್ಪತ್ತೈದು ಕಿಲೋದ ಆರು ಮೂಟೆ, ಅಯೋಡಿನ್ ಬೆರೆಸದ ಉಪ್ಪು. ಪುಡಿ ಉದುರುದುರಾಗಿರಲು ಏನಾದರೂ ಸೇರಿಸಿರುವ ಉಪ್ಪು ಬೇಡ.

ಸ್ಟೆಬಿಲೈಸರ್ (ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಕಾಯುವ ಸೈಯನ್ಯೂರಿಕ್ ಆಸಿಡ್) 70 ಪಿಪಿಎಂ, ಫ್ರೀ ಕ್ಲೋರಿನ್ ನಾಲ್ಕೈದು. ನಮ್ಮ ಬಿಸಿಲಿಗೆ 30 ಸಾಲದು, ಸೆಲ್ ಹಗಲಿಡೀ ಓಡಬೇಕಾಗುತ್ತೆ. ಮಳೆಗಾಲದಲ್ಲಿ ಪೂಲ್ ನೋಡಿಕೊಳ್ಳುವ ಹುಡುಗರು ಟಿಸಿಸಿಎ ಮಾತ್ರೆ (ಸ್ಟೆಬಿಲೈಸರ್ ಸೇರಿರುವ ಕ್ಲೋರಿನ್ ಮಾತ್ರೆ) ಎಸೆದು ಹೋದರೆ ಸ್ಟೆಬಿಲೈಸರ್ ನೂರು ದಾಟುತ್ತೆ. ಕರೆಂಟ್ ಕೈಕೊಟ್ಟಾಗ ನಾನು ದ್ರವ ಕ್ಲೋರಿನ್ ಹಾಕುತ್ತೇನೆ, ಮಾತ್ರೆ ಇಲ್ಲ.

ಸುಣ್ಣ ಉದುರಲೆಂದು ಸೆಲ್‌ನ ಪೋಲಾರಿಟಿ (ಪ್ಲೇಟುಗಳ ಪ್ಲಸ್-ಮೈನಸ್) ಬದಲಾಗುವ ಅವಧಿಯನ್ನು ಸೆಟಿಂಗ್‌ನಲ್ಲಿ ಸ್ವಲ್ಪ ಬದಲಿಸಿದ್ದೇನೆ. ಆ ಅಂಕಿಯನ್ನು ಇನ್ನೂ ಒಂದು ಬೇಸಿಗೆ ನೋಡಿ ಆಮೇಲೆ ಹೇಳುತ್ತೇನೆ. ಈಗ ರಾತ್ರಿ ಹೊತ್ತು ಪೂಲ್‌ಗೆ ಹೊದಿಕೆ ಹಾಕಿ ಆವಿಯಾಗದೆ ಎಷ್ಟು ನೀರು ಉಳಿಯುತ್ತೆ ಅಂತ ಅಳೆಯುತ್ತಿದ್ದೇನೆ. ಒಂದು ಬಕೆಟ್ ಪೂಲ್ ಮೆಟ್ಟಿಲ ಮೇಲೆ ಇಟ್ಟು ಗೆರೆ ಎಳೆದಿದ್ದೇನೆ. ಮೂರನೇ ಒಂದು ಭಾಗ ಉಳಿದರೂ ಮುಂದಿನ ವರ್ಷ ಸಂಪ್ ನೀರು ಜೂನ್‌ವರೆಗೆ ಬರುತ್ತೆ.