ಅಂಡಮಾನ್ ಪ್ರವಾಸ: ಊಟದ ಜಾಗ ಮೊದಲು ನೋಡಿ, ರೂಮು ಆಮೇಲೆ ಹಿಡಿಯಿರಿ

ಬೆಂಗಳೂರಿನಿಂದ ನೇರ ವಿಮಾನ ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಪೋರ್ಟ್ ಬ್ಲೇರ್. ಹನಿಮೂನಿಗೆ, ದಸರಾ ರಜೆಗೆ, ನಿವೃತ್ತರ ಗುಂಪು ಪ್ರವಾಸಕ್ಕೆ ಅಂಡಮಾನ್ ಈಗ ನಮ್ಮವರ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಹೊರಡುವವರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಚೆಂದದ ಫೋಟೊ ನೋಡಿ ರೂಮು ಬುಕ್ ಮಾಡುತ್ತಾರೆ. ಊಟದ ವಿಚಾರ ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದುಕೊಳ್ಳುತ್ತಾರೆ. ಮೈಸೂರಿನಲ್ಲೋ ಮಡಿಕೇರಿಯಲ್ಲೋ ಹೀಗೆ ಮಾಡಿದರೆ ನಡೆದೀತು. ಹ್ಯಾವ್ಲಾಕ್‌ನಂಥ ಪುಟ್ಟ ದ್ವೀಪದಲ್ಲಿ ನಡೆಯುವುದಿಲ್ಲ.

ಅದಕ್ಕೆ ಕಾರಣ ಅಲ್ಲಿನ ಹಗಲು. ಅಂಡಮಾನ್ ಇರುವುದು ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕೆ. ಸೂರ್ಯನ ಲೆಕ್ಕದಲ್ಲಿ ಅವರು ನಮಗಿಂತ ಒಂದು ಗಂಟೆ ಮುಂದಿದ್ದಾರೆ, ಗಡಿಯಾರ ಮಾತ್ರ ಒಂದೇ. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗಿ, ಆರಕ್ಕೆಲ್ಲ ಗಾಢ ಕತ್ತಲೆ. ಬೀದಿದೀಪ ಕಡಿಮೆ, ಆಟೊಗಳೂ ಕಡಿಮೆ. ಊರಿನಲ್ಲಿ ಒಂಬತ್ತಕ್ಕೆ ಊಟಕ್ಕೆ ಹೊರಡುವ ಅಭ್ಯಾಸ ಇರುವವರಿಗೆ ಅಲ್ಲಿ ಆ ಹೊತ್ತಿಗೆ ಅನೇಕ ಅಡುಗೆಮನೆಗಳ ಒಲೆ ಆರಿರುತ್ತದೆ. ಹಾಗಾಗಿ ಎಲ್ಲಿ ಮಲಗುತ್ತೀರೋ ಅಲ್ಲೇ, ಅಥವಾ ನಡೆದು ಹೋಗಿ ಬರುವಷ್ಟು ಹತ್ತಿರದಲ್ಲೇ ಊಟ. ರೂಮನ್ನೂ ಊಟವನ್ನೂ ಒಟ್ಟಿಗೆ ಆರಿಸಬೇಕು ಎಂದು ಹೇಳುವುದು ಇದಕ್ಕೇ.

ಹೆಜ್ಜೆ 1: ಮೊದಲು ರಾತ್ರಿಗಳನ್ನು ಹಂಚಿಕೊಳ್ಳಿ

ಹುಡುಕುವಾಗ ಹೆಸರುಗಳ ಗೊಂದಲ ಬೇಡ. 2018ರಲ್ಲಿ ಹ್ಯಾವ್ಲಾಕ್ ‘ಸ್ವರಾಜ್ ದ್ವೀಪ’ವಾಯಿತು, ನೀಲ್ ‘ಶಹೀದ್ ದ್ವೀಪ’ವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್‌ಗೆ ‘ಶ್ರೀ ವಿಜಯಪುರಂ’ ಎಂಬ ಹೆಸರು ಬಂತು. ಟಿಕೆಟ್‌ಗಳಲ್ಲಿ, ಬುಕಿಂಗ್ ತಾಣಗಳಲ್ಲಿ ಹಳೆಯದೂ ಹೊಸದೂ ಎರಡೂ ಕಾಣಿಸುತ್ತವೆ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರುಗಳೇ ಇರುವುದರಿಂದ ಇಲ್ಲಿಯೂ ಅವನ್ನೇ ಬಳಸಿದ್ದೇನೆ.

ಆರು ರಾತ್ರಿಗಳ ಪ್ರವಾಸವಾದರೆ ನನ್ನ ಸಲಹೆ ಇದು: ಇಳಿದ ದಿನ ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ, ಹ್ಯಾವ್ಲಾಕ್‌ನಲ್ಲಿ ಮೂರು, ನೀಲ್‌ನಲ್ಲಿ ಒಂದು, ವಾಪಸಾಗುವ ಮುನ್ನ ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ ಒಂದು. ಹ್ಯಾವ್ಲಾಕ್‌ನಿಂದ ನೀಲ್‌ಗೆ ನೇರ ಫೆರಿ ಇದೆ. ಪೋರ್ಟ್ ಬ್ಲೇರ್‌ಗೆ ಮರಳಿ ಮತ್ತೆ ಹೊರಡಬೇಕಿಲ್ಲ. ಖಾಸಗಿ ವೇಗದ ಫೆರಿಗಳು ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತವೆ. ಸರ್ಕಾರಿ ಹಡಗಿನಲ್ಲಿ ಸಮಯ ಹೆಚ್ಚು, ದರ ಬಹಳ ಕಡಿಮೆ.

ಆ ಕೊನೆಯ ರಾತ್ರಿಯನ್ನು ಉಳಿತಾಯದ ನೆಪದಲ್ಲಿ ಕತ್ತರಿಸಬೇಡಿ. ಗಾಳಿ ಜೋರಾದರೆ, ಸಮುದ್ರ ಕೆರಳಿದರೆ ಫೆರಿ ರದ್ದಾಗುತ್ತದೆ. ಅದೇ ದಿನ ವಿಮಾನ ಇಟ್ಟುಕೊಂಡವರು ಜೆಟ್ಟಿಯಲ್ಲೇ ಉಳಿಯಬೇಕಾಗುತ್ತದೆ. ಸ್ಕೂಬಾ ಡೈವಿಂಗ್ ಮಾಡುವವರಿಗೆ ಇನ್ನೊಂದು ಕಾರಣವೂ ಇದೆ. ನೀರಿನಾಳದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಡೈವ್ ಮುಗಿದು 18ರಿಂದ 24 ಗಂಟೆ ಕಳೆಯುವ ತನಕ ವಿಮಾನ ಹತ್ತದಿರುವುದು ಒಳ್ಳೆಯದು.

ಹೆಜ್ಜೆ 2: ಹ್ಯಾವ್ಲಾಕ್‌ನಲ್ಲಿ ಯಾವ ದಡ?

ನಿಮ್ಮ ಪ್ರವಾಸದ ಸುಖ ನಿಂತಿರುವುದು ಬಹುಮಟ್ಟಿಗೆ ಈ ಒಂದು ನಿರ್ಧಾರದ ಮೇಲೆ, ಆದ್ದರಿಂದ ಇಲ್ಲಿ ಅವಸರ ಬೇಡ. ಹ್ಯಾವ್ಲಾಕ್‌ನ ಹಳ್ಳಿಗಳಿಗೆ ಹೆಸರಿನ ಜೊತೆ ಸಂಖ್ಯೆಯೂ ಇದೆ. ಜೆಟ್ಟಿಯಿಂದ ಸ್ವಲ್ಪ ಮುಂದಿನ ಬಜಾರು ಗೋವಿಂದನಗರ, ಅಂದರೆ ನಂಬರ್ ಮೂರು. ಪೂರ್ವ ದಡದಲ್ಲಿ ಮುಂದೆ ಹೋದರೆ ವಿಜಯನಗರ, ನಂಬರ್ ಐದು. ಅದನ್ನೂ ದಾಟಿದರೆ ಕಾಲಾಪತ್ಥರ್. ಪಶ್ಚಿಮ ದಡದಲ್ಲಿ, ಜೆಟ್ಟಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ರಾಧಾನಗರ, ನಂಬರ್ ಏಳು.

ಎಲ್ಲರ ಬಾಯಲ್ಲೂ ಇರುವುದು ರಾಧಾನಗರ. ‘ಟೈಮ್’ ಪತ್ರಿಕೆ 2004ರಲ್ಲಿ ಏಷ್ಯಾದ ಅತ್ಯುತ್ತಮ ಕಡಲತೀರ ಎಂದು ಕರೆದದ್ದು ಇದನ್ನೇ. 2020ರಲ್ಲಿ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಸಿಕ್ಕಿತು. ಬಿಳಿ ಮರಳು, ಹಿಂದೆ ದೈತ್ಯ ಮರಗಳ ಕಾಡು, ಸೂರ್ಯಾಸ್ತ, ಈಜಲು ಹದವಾದ ಮರಳಿನ ತಳ, ಎಲ್ಲವೂ ಹೇಳಿದ ಹಾಗೇ ಇವೆ. ಆದರೆ ಅಲ್ಲಿ ಉಳಿಯಲು ಇರುವ ಜಾಗಗಳು ಕೆಲವೇ. ತಾಜ್ ಎಕ್ಸೋಟಿಕಾದಂಥ ದುಬಾರಿ ರೆಸಾರ್ಟ್ ಒಂದು ತುದಿ, ಸಾಧಾರಣ ಲಾಡ್ಜುಗಳು ಇನ್ನೊಂದು ತುದಿ. ಕತ್ತಲಾದ ಮೇಲೆ ರೆಸಾರ್ಟಿನ ಆಚೆ ಊಟಕ್ಕೆ ಆಯ್ಕೆ ಬಹಳ ಕಡಿಮೆ.

ಪೂರ್ವ ದಡದಲ್ಲಿ ರೆಸಾರ್ಟು, ಹೋಂಸ್ಟೇ, ಬಿದಿರಿನ ಗುಡಿಸಲು, ಡೈವಿಂಗ್ ಶಾಲೆ, ಕೆಫೆ, ಅನ್ನ-ಸಾರಿನ ಅಂಗಡಿ ಎಲ್ಲ ಒಂದೇ ರಸ್ತೆಯ ಉದ್ದಕ್ಕೂ ಇವೆ. ಬೆಳಗಿನ ಸೂರ್ಯೋದಯ ಹಾಸಿಗೆಯಿಂದಲೇ ಕಾಣುತ್ತದೆ. ಆದರೆ ಜಾಹೀರಾತು ಹೇಳದ ಸಂಗತಿಯೊಂದಿದೆ. ಅದು ಇಳಿತ. ವಿಜಯನಗರದ ಕಡಲು ತುಂಬ ದೂರದವರೆಗೆ ಆಳವಿಲ್ಲದ್ದು. ನೀರು ಇಳಿದಾಗ ದಡದ ಮುಂದೆ ಕಲ್ಲು, ಸತ್ತ ಹವಳದ ಚೂರು, ಪಾಚಿ ಹಿಡಿದ ಮರಳು ಬಯಲಾಗುತ್ತದೆ. ಬರಿಗಾಲಲ್ಲಿ ನಡೆಯಲೂ ಆಗದು. ಫೋಟೊದಲ್ಲಿ ಕಂಡ ಹಸಿರು ನೀಲಿ ನೀರು ಭರತದ ಹೊತ್ತಿನದು. ‘ಬೀಚ್ ಫ್ರಂಟ್’ ಎಂಬ ಮಾತನ್ನು ‘ದಿನವಿಡೀ ಈಜಬಹುದು’ ಎಂದು ತಿಳಿಯಬೇಡಿ.

ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಸಮಯ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ನೀವು ಹೋಗುವ ತಾರೀಕಿಗೆ ಪೋರ್ಟ್ ಬ್ಲೇರ್‌ನ ಟೈಡ್ ಟೇಬಲ್ ನೋಡಿಕೊಂಡರೆ ಯಾವ ಹೊತ್ತು ನೀರಿಗೆ, ಯಾವ ಹೊತ್ತು ಊಟಕ್ಕೆ ಎಂದು ಮನೆಯಲ್ಲೇ ಕೂತು ಗೊತ್ತು ಮಾಡಬಹುದು. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರದ ದಿನಗಳಲ್ಲಿ ನೀರು ಇನ್ನೂ ದೂರ ಸರಿಯುತ್ತದೆ.

ಮೊದಲ ಸಲ ಹೋಗುವವರು, ಮಕ್ಕಳು-ಹಿರಿಯರು ಜೊತೆಗಿರುವವರು ಗೋವಿಂದನಗರ ಮತ್ತು ವಿಜಯನಗರದ ನಡುವೆ ಉಳಿಯುವುದು ಮೇಲು. ಮಧ್ಯಾಹ್ನ ಮೂರಕ್ಕೆ ಆಟೊ ಮಾತಾಡಿಕೊಂಡು ರಾಧಾನಗರಕ್ಕೆ ಹೋಗಿ, ಈಜಿ, ಸೂರ್ಯ ಮುಳುಗುವುದನ್ನು ನೋಡಿ, ಅದೇ ಆಟೊದಲ್ಲಿ ವಾಪಸ್ ಬನ್ನಿ. ಆಟೊ ಬಿಟ್ಟು ಕಳಿಸಿಬಿಟ್ಟರೆ ಕತ್ತಲಲ್ಲಿ ಇನ್ನೊಂದು ಸಿಗುವುದು ಕಷ್ಟ. ಸ್ಕೂಟರ್ ಬಾಡಿಗೆಗೂ ಸಿಗುತ್ತದೆ.

ಮೊಸಳೆ ಎಚ್ಚರಿಕೆಯ ಫಲಕ ಕಂಡರೆ ಅದನ್ನು ನಂಬಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರದ ಪಕ್ಕದ ನೀಲ್ಸ್ ಕೋವ್‌ನಲ್ಲಿ ವಿದೇಶಿ ಪ್ರವಾಸಿಯೊಬ್ಬರು ಮೊಸಳೆ ದಾಳಿಗೆ ಬಲಿಯಾದರು. ಕಾಂಡ್ಲಾ ಕಾಡಿನ ಅಂಚು, ಹಳ್ಳ ಸಮುದ್ರ ಸೇರುವ ಜಾಗಗಳಲ್ಲಿ ನೀರಿಗಿಳಿಯಬೇಡಿ. ಸೂರ್ಯಾಸ್ತದ ನಂತರವಂತೂ ಎಲ್ಲಿಯೂ ಬೇಡ.

ಹೆಜ್ಜೆ 3: ನೀಲ್ ಮತ್ತು ಪೋರ್ಟ್ ಬ್ಲೇರ್

ನೀಲ್ ಚಿಕ್ಕದು, ಬಹುಪಾಲು ಸಮತಟ್ಟು. ಸೈಕಲ್ಲಿನಲ್ಲೇ ಸುತ್ತಬಹುದು. ಜೆಟ್ಟಿಯ ಪಕ್ಕದ ಭರತ್‌ಪುರ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರ, ಸೂರ್ಯೋದಯಕ್ಕೆ ಸೀತಾಪುರ. ಬಜಾರಿಗೆ ಹತ್ತಿರ ಉಳಿದರೆ ಊಟಕ್ಕೆ ತೊಂದರೆಯಿಲ್ಲ.

ಪೋರ್ಟ್ ಬ್ಲೇರ್‌ನಲ್ಲಿ ಸಮುದ್ರದ ನೋಟಕ್ಕಾಗಿ ಹೆಚ್ಚು ಹಣ ಸುರಿಯುವ ಅಗತ್ಯ ಕಾಣುವುದಿಲ್ಲ. ಅಬರ್ಡೀನ್ ಬಜಾರಿನ ಆಸುಪಾಸು ಉಳಿಯಿರಿ. ಸೆಲ್ಯುಲರ್ ಜೈಲು ಹತ್ತಿರ, ಸಂಜೆಯ ಧ್ವನಿ-ಬೆಳಕು ಪ್ರದರ್ಶನ ಮುಗಿಸಿಕೊಂಡು ಬಂದು ಊಟ ಮಾಡಬಹುದು. ಊರಿನಲ್ಲಿ ತಮಿಳು, ತೆಲುಗು ಕುಟುಂಬಗಳು ದಂಡಿಯಾಗಿರುವುದರಿಂದ ಇಡ್ಲಿ, ದೋಸೆ, ಅನ್ನ-ಸಾಂಬಾರಿಗೆ ಬರವಿಲ್ಲ. ಶುದ್ಧ ಸಸ್ಯಾಹಾರಿ ಹೋಟೆಲುಗಳೂ ಸಿಗುತ್ತವೆ.

ಹೆಜ್ಜೆ 4: ರೂಮಿನ ಜೊತೆ ಯಾವ ಊಟ ಕಟ್ಟಿಸಬೇಕು?

ಬುಕಿಂಗ್ ತಾಣದಲ್ಲಿ ಸಿಪಿ ಎಂದಿದ್ದರೆ ಬೆಳಗಿನ ತಿಂಡಿ ಮಾತ್ರ ಸೇರಿದೆ. ಎಂಎಪಿ ಎಂದರೆ ತಿಂಡಿ ಮತ್ತು ಒಂದು ಊಟ, ಸಾಮಾನ್ಯವಾಗಿ ರಾತ್ರಿಯದು. ಎಪಿ ಎಂದರೆ ಮೂರು ಹೊತ್ತೂ. ಇಪಿಯಲ್ಲಿ ಊಟವೇ ಇಲ್ಲ.

ಮೂರು ಹೊತ್ತಿನದನ್ನು ಕಟ್ಟಿಸಿದರೆ ಹಣ ವ್ಯರ್ಥ. ಮಧ್ಯಾಹ್ನ ನೀವು ದೋಣಿಯಲ್ಲೋ ಎಲಿಫೆಂಟ್ ಬೀಚಿನಲ್ಲೋ ಇರುತ್ತೀರಿ. ಬಜಾರಿನಿಂದ ದೂರದ ರೆಸಾರ್ಟಾದರೆ ಎಂಎಪಿ, ನಡೆದು ಹೋಗುವಷ್ಟು ಹತ್ತಿರ ನಾಲ್ಕಾರು ಹೋಟೆಲುಗಳಿದ್ದರೆ ಸಿಪಿ. ಬೆಳಗಿನ ಜಾವದ ಫೆರಿ ಇರುವ ದಿನ ತಿಂಡಿಯನ್ನು ಪಾರ್ಸಲ್ ಕಟ್ಟಿಕೊಡುತ್ತಾರಾ ಎಂದು ಕೇಳಿ. ಅನೇಕರು ಕೊಡುತ್ತಾರೆ, ಹಿಂದಿನ ರಾತ್ರಿಯೇ ಹೇಳಿರಬೇಕು ಅಷ್ಟೆ.

ತೆರಿಗೆಯ ಲೆಕ್ಕವೂ ಇದರಲ್ಲಿ ಸೇರುತ್ತದೆ. ಸೆಪ್ಟೆಂಬರ್ 2025ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5 ಜಿಎಸ್‌ಟಿ, ಅದನ್ನು ಮೀರಿದರೆ ಶೇ 18. ಅಂಥ ದುಬಾರಿ ರೂಮುಗಳಿರುವ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಊಟದ ಬಿಲ್ಲಿಗೂ ಶೇ 18 ಬೀಳುತ್ತದೆ. ಹೊರಗಿನ ಸಾಮಾನ್ಯ ರೆಸ್ಟೋರೆಂಟಿನಲ್ಲಿ ಶೇ 5. ನಾಲ್ಕು ಜನರ ಕುಟುಂಬಕ್ಕೆ ಮೂರು ದಿನದಲ್ಲಿ ಇದು ಚಿಕ್ಕ ಮೊತ್ತವಲ್ಲ.

ಹೆಜ್ಜೆ 5: ಊರವರು ಉಣ್ಣುವಲ್ಲಿ ಉಣ್ಣಿ

ಹ್ಯಾವ್ಲಾಕ್ ಮತ್ತು ನೀಲ್‌ನಲ್ಲಿ ನೆಲೆ ನಿಂತವರಲ್ಲಿ ಹೆಚ್ಚಿನವರು ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳವರು. ಕಾಡು ಕಡಿದು, ಗದ್ದೆ ಮಾಡಿ, ಬದುಕು ಕಟ್ಟಿದವರು. ಅವರ ಅಡುಗೆಯೇ ಈ ದ್ವೀಪಗಳ ನಿಜವಾದ ಅಡುಗೆ. ಬಜಾರಿನ ಚಿಕ್ಕ ಹೋಟೆಲಿನಲ್ಲಿ ಮಧ್ಯಾಹ್ನ ಕೂತರೆ ತಟ್ಟೆಯಲ್ಲಿ ಬಿಸಿ ಅನ್ನ, ತೆಳ್ಳಗಿನ ಬೇಳೆ, ಆಲೂಗಡ್ಡೆ ಪಲ್ಯ, ಸಾಸಿವೆ ಎಣ್ಣೆಯಲ್ಲಿ ಹುರಿದು ಸಾರಿಗೆ ಬಿಟ್ಟ ಮೀನಿನ ತುಂಡು ಬರುತ್ತದೆ. ಸಾಸಿವೆ ಎಣ್ಣೆಯ ಘಾಟು ಮೊದಲ ತುತ್ತಿಗೆ ನಮಗೆ ಹೊಸದು, ಎರಡನೇ ದಿನಕ್ಕೆ ಹಿಡಿಸಿಬಿಡುತ್ತದೆ. ರೆಸಾರ್ಟಿನ ಬಫೆಯಲ್ಲಿ ಪನೀರ್ ಬಟರ್ ಮಸಾಲ ತಿನ್ನಲು ಅಷ್ಟು ದೂರ ಹೋಗಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಬಂಗಾಳಿ ಅಡುಗೆಯಲ್ಲಿ ಮೀನಿನ ತಲೆ ಹಾಕಿ ಬೇಳೆ ಕುದಿಸುವ ರೂಢಿಯಿದೆ. ‘ದಾಲ್ ತಾನೇ’ ಎಂದು ಸುಮ್ಮನೆ ಬಡಿಸಿಕೊಳ್ಳಬೇಡಿ. ‘ನಿರಾಮಿಷ್’ ಎಂದು ಕೇಳಿದರೆ ಸಸ್ಯಾಹಾರ ಎಂದು ತಕ್ಷಣ ಅರ್ಥವಾಗುತ್ತದೆ. ಹುರಿಯುವ ಎಣ್ಣೆ ಬೇರೆಯೇ ಎಂದೂ ಕೇಳಿ. ನೀಲ್ ಅಂಡಮಾನ್‌ನ ತರಕಾರಿ ತೋಟವೆಂದೇ ಹೆಸರಾದದ್ದು, ಅಲ್ಲಿ ಬದನೆ, ಸೋರೆ, ಸೊಪ್ಪಿನ ಪಲ್ಯ ತಾಜಾ ಸಿಗುತ್ತದೆ. ಎಳನೀರು, ಬಾಳೆಹಣ್ಣು ಎಲ್ಲೆಡೆ ಉಂಟು.

ಮೀನು ತಿನ್ನುವವರಿಗೆ ಹಬ್ಬವೇ ಸರಿ. ನಮ್ಮ ಕರಾವಳಿಯ ಅಂಜಲ್ ಅಲ್ಲಿ ಸುರ್ಮಾಯಿ. ಟ್ಯೂನಾ, ರೆಡ್ ಸ್ನ್ಯಾಪರ್, ಸಿಗಡಿ, ಏಡಿ, ಲಾಬ್‌ಸ್ಟರ್ ಸಿಗುತ್ತವೆ. ಮಂಜುಗಡ್ಡೆಯ ಮೇಲಿಟ್ಟ ಮೀನನ್ನು ಆರಿಸುವಾಗ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿಂದ ಒತ್ತಿದ ಮಾಂಸ ಕೂಡಲೇ ಮೇಲೇಳಬೇಕು. ತೂಕದ ಲೆಕ್ಕದಲ್ಲಿ ಮಾರುವಲ್ಲಿ ನಿಮ್ಮ ಎದುರೇ ತೂಗಿಸಿ. ಬೆಲೆ ಕಿಲೋಗೋ ನೂರು ಗ್ರಾಂಗೋ, ಹಸಿ ತೂಕಕ್ಕೋ ಸ್ವಚ್ಛ ಮಾಡಿದ ಮೇಲಿನ ತೂಕಕ್ಕೋ, ಅಡುಗೆಯ ಕೂಲಿ ಸೇರಿದೆಯೋ ಇಲ್ಲವೋ, ಒಲೆಗೆ ಹೋಗುವ ಮೊದಲೇ ಕೇಳಿ ಒಟ್ಟು ಮೊತ್ತ ಬರೆಸಿಕೊಳ್ಳಿ. ಲಾಬ್‌ಸ್ಟರ್ ವಿಷಯದಲ್ಲಿ ಜಗಳವಾಗುವುದು ಯಾವಾಗಲೂ ಬಿಲ್ಲು ಬಂದ ಮೇಲೆ.

ಎರಡನ್ನು ದಯವಿಟ್ಟು ಬಿಟ್ಟುಬಿಡಿ: ಹೊಟ್ಟೆಯಡಿ ಮೊಟ್ಟೆ ಹೊತ್ತ ಏಡಿ-ಲಾಬ್‌ಸ್ಟರ್, ಮತ್ತು ಗಿಳಿಮೀನು. ಗಿಳಿಮೀನು ಹವಳದ ಮೇಲಿನ ಪಾಚಿಯನ್ನು ಕೆರೆದು ತಿಂದು ಹವಳ ಬೆಳೆಯಲು ಜಾಗ ಮಾಡಿಕೊಡುತ್ತದೆ. ಬೆಳಿಗ್ಗೆ ಸ್ನಾರ್ಕೆಲ್ ಹಾಕಿಕೊಂಡು ನೋಡಿ ಖುಷಿಪಟ್ಟ ಹವಳದ ತೋಟ ಉಳಿಯಬೇಕಾದರೆ ಅದು ನೀರಿನಲ್ಲೇ ಇರಬೇಕು. ಇನ್ನೊಂದು ವಿಷಯ, ಏಪ್ರಿಲ್ 15ರಿಂದ ಜೂನ್ 14ರವರೆಗೆ ಪೂರ್ವ ಕರಾವಳಿ ಮತ್ತು ಅಂಡಮಾನ್ ಕಡಲಿನಲ್ಲಿ ಮೀನುಗಾರಿಕೆ ನಿಷೇಧದ ಅವಧಿ. ಬೇಸಿಗೆ ರಜೆಯಲ್ಲಿ ಹೋದರೆ ಆಯ್ಕೆ ಕಡಿಮೆ ಇರಬಹುದು, ‘ತಾಜಾ’ ಎಂದದ್ದು ಫ್ರೀಜರಿನದೂ ಆಗಿರಬಹುದು. ಆಗ ಮೇಲಿನ ಪರೀಕ್ಷೆ ಇನ್ನೂ ಮುಖ್ಯ.

ಹೆಜ್ಜೆ 6: ಮುಂಗಡ ಕಟ್ಟುವ ಮುನ್ನ ಒಂದು ಫೋನ್

ವಿಮರ್ಶೆಗಳನ್ನು ಓದುವಾಗ ನೀವು ಹೋಗುವ ತಿಂಗಳಿನವನ್ನೇ ಹುಡುಕಿ. ಮೇ ತಿಂಗಳಿನಿಂದ ಮಳೆ, ಜನವರಿಯಲ್ಲಿ ಶಾಂತ ಕಡಲು. ಒಂದೇ ರೆಸಾರ್ಟ್ ಎರಡು ಕಾಲದಲ್ಲಿ ಎರಡು ಥರ. ಅತಿಥಿಗಳು ತೆಗೆದ ಫೋಟೊ ನೋಡಿ, ಅದರಲ್ಲೂ ಬಚ್ಚಲುಮನೆಯದು.

ಆಮೇಲೆ ಹೋಟೆಲಿಗೇ ಫೋನ್ ಮಾಡಿ. ಮೊದಲ ಪ್ರಶ್ನೆ ನೀರಿನದು. ಮಳೆ ನಿಂತ ಮೇಲೆ, ಫೆಬ್ರುವರಿಯಿಂದ ಏಪ್ರಿಲ್ ತನಕ ಈ ದ್ವೀಪಗಳಲ್ಲಿ ಸಿಹಿನೀರಿಗೆ ತತ್ವಾರ ಬರುತ್ತದೆ. ದಿನವಿಡೀ ನೀರಿದೆಯೇ, ಕುಡಿಯಲು ಶುದ್ಧೀಕರಿಸಿದ ನೀರು ತುಂಬಿಸಿಕೊಳ್ಳಲು ಸಿಗುತ್ತದೆಯೇ ಎಂದು ಕೇಳಿ. ವಿದ್ಯುತ್ತು ಬಹುಮಟ್ಟಿಗೆ ಡೀಸೆಲ್ ಜನರೇಟರ್‌ಗಳಿಂದ ಬರುವುದು. ಕರೆಂಟ್ ಹೋದಾಗ ಎಸಿಗೂ ಬ್ಯಾಕಪ್ ಇದೆಯೇ, ಫ್ಯಾನಿಗೆ ಮಾತ್ರವೇ? ಅಡುಗೆಮನೆ ರಾತ್ರಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ? ಜೆಟ್ಟಿಯಿಂದ ಕರೆದೊಯ್ಯುತ್ತಾರೆಯೇ? ಮರಳುನೊಣದ ಕಾಟವಿರುವುದರಿಂದ ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆಪರದೆ ಉಂಟೇ? ಹಿರಿಯರಿದ್ದರೆ ಮೆಟ್ಟಿಲುಗಳ ವಿಚಾರವನ್ನೂ ಕೇಳಿ, ಕೆಲವು ಕಾಟೇಜುಗಳು ಗುಡ್ಡದ ಮೇಲಿವೆ.

ಚೆಕ್-ಔಟ್ ಸಮಯವನ್ನು ಮಾತ್ರ ಮರೆಯದೆ ಕೇಳಿ. ಫೆರಿಗಳ ವೇಳೆಗೆ ಹೊಂದಿಸಿಕೊಂಡು ಇಲ್ಲಿನ ಅನೇಕ ಹೋಟೆಲುಗಳು ಬೆಳಿಗ್ಗೆ ಎಂಟು, ಒಂಬತ್ತಕ್ಕೇ ರೂಮು ಖಾಲಿ ಮಾಡಿಸುತ್ತವೆ. ನಿಮ್ಮ ಫೆರಿ ಮಧ್ಯಾಹ್ನ ಎರಡಕ್ಕಿದ್ದರೆ ನಡುವಿನ ಹೊತ್ತು ಸಾಮಾನು ಇಡಲು, ಸ್ನಾನ ಮಾಡಲು, ಮಕ್ಕಳಿಗೆ ಊಟ ಹಾಕಲು ಎಲ್ಲಿ ಅನುಕೂಲ ಎಂಬುದು ಮುಂಚೆಯೇ ಗೊತ್ತಿರಬೇಕು. ಇದೆಲ್ಲ ಹೊಂದಿಬಂದರೆ ಮೊದಲು ಫೆರಿ ಟಿಕೆಟ್ ತೆಗೆಯಿರಿ. ಡಿಸೆಂಬರ್, ಜನವರಿಯಲ್ಲಿ ಸೀಟು ಬೇಗ ತುಂಬುತ್ತದೆ. ಟಿಕೆಟ್ ಕೈಗೆ ಬಂದ ಮೇಲೆ, ಅದರ ವೇಳೆಗೆ ತಾಳೆಯಾಗುವ ರೂಮಿಗೆ ಮುಂಗಡ ಕಟ್ಟಿ.