ಮನೆ ಮುಂದಿನ ಕಾರಿಗೆ ಯಾರೋ ಗೀಚಿ ಹೋದ ಮೇಲೆ ನಾನು ಮಾಡಿದ್ದು

ಹರಿಹರದಲ್ಲಿ ತಂಗಿ ಮನೆ ಗೃಹಪ್ರವೇಶ. ಬೆಳಿಗ್ಗೆ ಆರಕ್ಕೆ ಹೊರಡಬೇಕಿತ್ತು. ಗೇಟು ತೆಗೆದು ನೋಡಿದರೆ ಕಾರು ಎಡಕ್ಕೆ ವಾಲಿದೆ. ಮುಂದಿನ ಟೈರು ನೆಲಕ್ಕೆ ಕೂತಿತ್ತು, ಎಡಗಡೆಯ ಎರಡೂ ಬಾಗಿಲ ಮೇಲೆ ಈ ತುದಿಯಿಂದ ಆ ತುದಿಗೆ ಗೀರು, ಸೈಡ್ ಮಿರರ್ ವೈರಿಗೆ ಜೋತುಬಿದ್ದಿತ್ತು. ದಾವಣಗೆರೆಯ ವಿನೋಬನಗರದಲ್ಲಿ ನಮ್ಮದು ಸಣ್ಣ ಕ್ರಾಸು. ಒಳಗೆ ಕಾರು ಹಾಕಲು ಜಾಗ ಇಲ್ಲ, ವರ್ಷಗಳಿಂದ ರಸ್ತೆ ಬದಿಯಲ್ಲೇ ನಿಲ್ಲಿಸುತ್ತೇನೆ.

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಮೊದಲು ಓಡಿದ್ದು ಎದುರು ಮನೆಯವರ ಕಡೆಗೆ. ಹದಿನೈದು ದಿನದ ಹಿಂದೆ ಅವರ ಗೇಟಿಗೆ ಅಡ್ಡ ಆಯಿತು ಅಂತ ಮಾತಿಗೆ ಮಾತು ಬೆಳೆದಿತ್ತು. ಸೀದಾ ಹೋಗಿ ಬಾಗಿಲು ಬಡಿಯೋಣ ಅಂತಲೇ ಹೊರಟಿದ್ದೆ. ನನ್ನ ಹೆಂಡತಿ ಕೈ ಹಿಡಿದು, "ರೀ, ನೀವು ನೋಡಿದ್ರಾ? ನೋಡಿಲ್ಲ ಅಂದಮೇಲೆ ಸುಮ್ನಿರ್ರಿ" ಅಂದಳು. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ.

ಹಾಗಾಗಿ ಮೊದಲ ಅರ್ಧ ಗಂಟೆ ಬರೀ ಫೋಟೋ ತೆಗೆದೆ. ದೂರದಿಂದ ನಂಬರ್ ಪ್ಲೇಟು, ನಮ್ಮ ಮನೆ, ಕರೆಂಟು ಕಂಬ ಮೂರೂ ಒಟ್ಟಿಗೆ ಕಾಣುವಂತೆ ಒಂದಿಷ್ಟು, ಆಮೇಲೆ ಒಂದೊಂದು ಗೀರಿನ ಹತ್ತಿರ ಹೋಗಿ. ಒರೆಸಲಿಲ್ಲ, ತೊಳೆಯಲಿಲ್ಲ. ಬೇಸಿಗೆಯ ಧೂಳು ಕಾರಿನ ಮೇಲೆ ದಪ್ಪಗೆ ಕೂತಿತ್ತು, ಅದರ ಮೇಲೆ ಅಂಗೈ ಗುರುತು ಚೆನ್ನಾಗಿ ಮೂಡಿತ್ತು, ಅದನ್ನೂ ತೆಗೆದೆ. ಗಾಡಿ ಸ್ಟಾರ್ಟ್ ಮಾಡಲಿಲ್ಲ. ಪೆಟ್ರೋಲ್ ಮುಚ್ಚಳ ಮೀಟಿದ್ದಾರಾ, ಚಕ್ರದ ನಟ್ಟು ಸಡಿಲ ಮಾಡಿದ್ದಾರಾ, ಕೆಳಗೆ ಎಣ್ಣೆ ಸೋರಿದೆಯಾ ಅಂತ ಬಗ್ಗಿ ನೋಡಿದೆ. ಟೈರು ಕೊಯ್ದವನು ಇನ್ನೇನು ಮಾಡಿದ್ದಾನೋ ಯಾರಿಗೆ ಗೊತ್ತು, ಅಲ್ವಾ? ಗೃಹಪ್ರವೇಶಕ್ಕೆ ಬಸ್ಸಿನಲ್ಲಿ ಹೋಗಿ ಊಟ ಮುಗಿಸಿ ಮಧ್ಯಾಹ್ನವೇ ವಾಪಸ್ ಬಂದೆವು.

ಆಮೇಲೆ ಕ್ಯಾಮೆರಾ ಹುಡುಕಾಟ. ಇದರಲ್ಲಿ ತಡ ಮಾಡಬಾರದು. ಡಿವಿಆರ್, ಅಂದರೆ ಕ್ಯಾಮೆರಾದ ವಿಡಿಯೋ ಉಳಿಸಿಡುವ ಪೆಟ್ಟಿಗೆ, ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ಬರೆಯುತ್ತದೆ, ಕೆಲವರ ಮನೆಯಲ್ಲಿ ವಾರವೂ ಉಳಿಯಲ್ಲ. ನಮ್ಮ ಕ್ರಾಸಿನಲ್ಲಿ ಮೂರು ಕ್ಯಾಮೆರಾ ಇದ್ದವು. ಮೂಲೆಯ ಕಿರಾಣಿ ಅಂಗಡಿಯದು ಕೆಟ್ಟಿತ್ತು. ಇನ್ನೊಂದು ಮನೆಯದು ಬರೀ ಅವರ ಮೆಟ್ಟಿಲನ್ನು ತೋರಿಸುತ್ತಿತ್ತು. ಉಳಿದದ್ದು ಎದುರು ಮನೆಯವರದು. ಹೋಗಲೋ ಬೇಡವೋ ಅಂತ ಒಂದು ಗಂಟೆ ಒದ್ದಾಡಿ ಕೊನೆಗೆ ಹೋದೆ. ಅವರು, "ಬರ್ರಿ ಒಳಗೆ, ಇದನ್ನ ಕೇಳೋಕೆ ಇಷ್ಟೊತ್ತು ಯಾಕ್ ಬೇಕಿತ್ತು?" ಅಂದು ತಾವೇ ಟೀವಿ ಹಚ್ಚಿದರು. ರಾತ್ರಿ 1:47ಕ್ಕೆ ಸ್ಕೂಟರಿನಲ್ಲಿ ಇಬ್ಬರು ಹುಡುಗರು. ಒಬ್ಬ ಇಳಿದ, ಮಿರರ್‌ಗೆ ಒದ್ದ, ಟೈರಿನ ಹತ್ತಿರ ಕೂತ, ಎದ್ದು ಬಾಗಿಲಿಗೆ ಗೀಚುತ್ತಾ ನಡೆದ. ಒಂದು ನಿಮಿಷವೂ ಹಿಡಿಯಲಿಲ್ಲ. ಮುಂದೆ ಹೋಗಿ ಇನ್ನೊಂದು ಕಾರಿಗೂ ಒದ್ದರು. ಯಾರ ಮೇಲೂ ದ್ವೇಷ ಇರಲಿಲ್ಲ ಅವರಿಗೆ. ಬೆಳಿಗ್ಗೆ ನಾನು ಬಾಗಿಲು ಬಡಿದಿದ್ದರೆ ಈ ಮನುಷ್ಯನ ಮುಖ ಮತ್ತೆ ನೋಡೋಕೆ ಆಗುತ್ತಿರಲಿಲ್ಲ.

ಟೀವಿ ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿಕೊಂಡರೆ ಸಾಲದು. ಮೂಲ ಫೈಲನ್ನೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಅವರ ಡಿವಿಆರ್ ಗಡಿಯಾರ 22 ನಿಮಿಷ ಮುಂದಿತ್ತು, ಅದಕ್ಕೇ ಪರದೆಯ ಸಮಯ ಮತ್ತು ನನ್ನ ಮೊಬೈಲಿನ ಸಮಯ ಎರಡೂ ಕಾಣುವಂತೆ ಒಂದು ಫೋಟೋ ತೆಗೆದಿಟ್ಟೆ. ಮುಂದೆ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ವಿಡಿಯೋಗೆ ಪ್ರಮಾಣಪತ್ರ ಬೇಕು, ಡಿವಿಆರ್ ನೋಡಿಕೊಳ್ಳುವವರ ಸಹಿಯೂ ಬೇಕಾಗುತ್ತದೆ. ಅವರು ಅದಕ್ಕೂ ಒಪ್ಪಿದರು.

ಸ್ಟೇಷನ್ನಿಗೆ ಹೋಗುವಾಗ ಅರ್ಜಿ ಬರೆದುಕೊಂಡೇ ಹೋದೆ. ಜೊತೆಗೆ ಫೋಟೋ ಪ್ರಿಂಟು, ಆರ್‌ಸಿ, ಇನ್ಶೂರೆನ್ಸ್ ಜೆರಾಕ್ಸು, ಗ್ಯಾರೇಜಿನ ಎಸ್ಟಿಮೇಟು. ಎಸ್ಟಿಮೇಟು ಯಾಕೆ ಅಂದರೆ ಶಿಕ್ಷೆ ನಷ್ಟದ ಮೊತ್ತದ ಮೇಲೆ ನಿಂತಿದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂನಲ್ಲಿ ಸಾಮಾನ್ಯ ಹಾನಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ನಷ್ಟ 20,000 ರೂಪಾಯಿ ಮುಟ್ಟಿದರೆ ಎರಡು ವರ್ಷದವರೆಗೆ, ಒಂದು ಲಕ್ಷ ಮುಟ್ಟಿದರೆ ಐದು ವರ್ಷದವರೆಗೆ. ನನ್ನದು 13,200. ಇಂಥದ್ದಕ್ಕೆ ಎಫ್‌ಐಆರ್ ಆಗಲ್ಲ, ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ, ಆಗುತ್ತದೆ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಇದು ಗೊತ್ತಿಲ್ಲದೆ ಸುಮಾರು ಜನ ಸ್ಟೇಷನ್ನಿನಲ್ಲಿ ಜಗಳ ಆಡಿ ಬರಿಗೈಲಿ ಬರುತ್ತಾರೆ. ನಾನು ಹಿಂಬರಹ, ಅಂದರೆ ಅರ್ಜಿಗೆ ಪೊಲೀಸರು ಕೊಡುವ ಲಿಖಿತ ಉತ್ತರ, ಕೊಡಿ ಅಂತ ಕೇಳಿದೆ, ಎರಡನೇ ದಿನ ಕೊಟ್ಟರು. ಪೆನ್‌ಡ್ರೈವ್ ಒಂದು ಪ್ರತಿ ಅವರಿಗೆ ಕೊಟ್ಟೆ. ಹುಡುಗರು ಇನ್ನೂ ಸಿಕ್ಕಿಲ್ಲ. ಸ್ಕೂಟರಿನ ನಂಬರು ಬೆಳಕಿಗೆ ಬಿಳಿ ಚುಕ್ಕೆಯಾಗಿ ಕಾಣುತ್ತಿತ್ತು ಅಷ್ಟೇ.

ಇನ್ನು ಇನ್ಶೂರೆನ್ಸ್. ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ) ಮಾತ್ರ ಇದ್ದರೆ ಒಂದು ಪೈಸೆ ಬರಲ್ಲ. ನನ್ನದು ಪೂರ್ತಿ ಪಾಲಿಸಿ, ಬೇಕಂತಲೇ ಯಾರಾದರೂ ಮಾಡಿದ ಹಾನಿಗೂ ಅದರಲ್ಲಿ ದುಡ್ಡು ಸಿಗುತ್ತದೆ. ಆದರೆ ಕ್ಲೇಮ್ ಮಾಡುವ ಮೊದಲು ಪೇಪರು ಪೆನ್ನು ಹಿಡಿದು ಕೂತೆ. ಎರಡು ಬಾಗಿಲಿನ ಪೇಂಟಿಂಗ್ 7,000, ಮಿರರ್ 2,200, ಟೈರು 4,000. ಜೀರೋ ಡೆಪ್ (ಸವಕಳಿ ಅಂತ ಬಿಡಿಭಾಗದ ಬೆಲೆಯಲ್ಲಿ ಕಡಿತ ಮಾಡದ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕಿಗೆ ಅರ್ಧ ಕಡಿತ, ಹಾಗಾಗಿ ಮಿರರ್‌ಗೆ 1,100. ಪೇಂಟಿಂಗ್ ಬಿಲ್ಲಿನ ಕಾಲು ಭಾಗ ಬಣ್ಣದ ಸಾಮಾನು ಅಂತ ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, 6,125 ಉಳಿಯಿತು. ಟೈರಿಗೆ ಅರ್ಧ, 2,000. ಅದೂ ಗಾಡಿಗೆ ಬೇರೆ ಪೆಟ್ಟು ಬಿದ್ದಿದ್ದಕ್ಕೆ. ಬರೀ ಟೈರು ಕೊಯ್ದು ಹೋಗಿದ್ದರೆ ಏನೂ ಇಲ್ಲ. ಒಟ್ಟು 9,225, ಅದರಲ್ಲಿ 1500 ಸಿಸಿ ಒಳಗಿನ ಕಾರಿಗೆ ನಾವೇ ಹಾಕಬೇಕಾದ 1,000 ಹೋದರೆ 8,225.

ಈಗ ಇನ್ನೊಂದು ಕಡೆ ನೋಡಿ. ಮೂರು ವರ್ಷ ಕ್ಲೇಮ್ ಮಾಡಿರಲಿಲ್ಲ, ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, 35%ರಲ್ಲಿತ್ತು. ಸುಮ್ನಿದ್ದರೆ ಮುಂದಿನ ವರ್ಷ 45%, ಅದರ ಮುಂದೆ 50%. ಕ್ಲೇಮ್ ಮಾಡಿದರೆ ಸೊನ್ನೆಯಿಂದ ಶುರು, ಆಮೇಲೆ 20%, 25%. ಪ್ರೀಮಿಯಂನಲ್ಲಿ ನಮ್ಮದೇ ಗಾಡಿಯ ಹಾನಿಗೆ ಅಂತ ಕಟ್ಟುವ ಭಾಗ (ಓನ್ ಡ್ಯಾಮೇಜ್) ನನಗೆ ಬೋನಸ್ ಕಳೆಯುವ ಮೊದಲು ಸುಮಾರು 9,000. ಮೊದಲ ವರ್ಷವೇ 4,050 ಜಾಸ್ತಿ ಕಟ್ಟಬೇಕು, ಎರಡನೇ ವರ್ಷ 2,700, ಮೂರನೆಯದಕ್ಕೆ 2,250. ಕಾರು ಹಳೆಯದಾದಂತೆ ಪ್ರೀಮಿಯಂ ಸ್ವಲ್ಪ ಇಳಿಯುತ್ತದೆ ಅಂದುಕೊಂಡರೂ ಮೂರು ವರ್ಷದಲ್ಲಿ ಬಂದಿದ್ದೆಲ್ಲ ಹೆಚ್ಚುಕಡಿಮೆ ವಾಪಸ್ ಹೋಗುತ್ತದೆ. ಕ್ಲೇಮ್ ಬಿಟ್ಟೆ. ನಷ್ಟ ಮೂವತ್ತು ನಲವತ್ತು ಸಾವಿರ ಆಗಿದ್ದರೆ ಖಂಡಿತ ಮಾಡುತ್ತಿದ್ದೆ. ಹಾಗೆ ಮಾಡುವವರು ಇನ್ಶೂರೆನ್ಸಿನವರ ಸರ್ವೇ ಆಗುವವರೆಗೆ ರಿಪೇರಿಗೆ ಕೈ ಹಾಕಬೇಡಿ.

ಪಿ.ಬಿ. ರಸ್ತೆಯ ಕಡೆ ಗೊತ್ತಿರುವ ಟಿಂಕರಿಂಗ್ ಶೆಡ್ಡಿಗೆ ಒಯ್ದೆ. ಮೇಸ್ತ್ರಿ ಗೀರಿನ ಮೇಲೆ ಉಗುರು ಎಳೆದು ನೋಡಿದ. ಉಗುರು ಸಿಕ್ಕಿಕೊಳ್ಳದ ಕಡೆ ಪಾಲಿಶ್ ಸಾಕು, ಸಿಕ್ಕಿಕೊಂಡ ಕಡೆ ಬಣ್ಣವೇ ಆಗಬೇಕು. ನನ್ನದು ಕಬ್ಬಿಣ ಕಾಣುವಷ್ಟು ಆಳ ಇತ್ತು. ಕೊಯ್ತ ಟೈರಿನ ಬದಿಯಲ್ಲಿ (ಸೈಡ್‌ವಾಲ್) ಇದ್ದಿದ್ದರಿಂದ ಪಂಕ್ಚರ್ ಹಾಕೋಕೆ ಬರಲ್ಲ, ಹೊಸದೇ ಆಯಿತು. ಸಿಲ್ವರ್ ಬಣ್ಣ ಮ್ಯಾಚಿಂಗ್ ಕಷ್ಟ. ಶೆಡ್ಡಿನ ನೆರಳಿನಲ್ಲಿ ಒಂದೇ ಥರ ಕಂಡಿತು, ಹೊರಗೆ ಬಿಸಿಲಿಗೆ ತಂದರೆ ಹಿಂದಿನ ಬಾಗಿಲು ಬೇರೆಯೇ. ಹೇಳಿದ್ದಕ್ಕೆ ಬೇಜಾರಿಲ್ಲದೆ ಮತ್ತೆ ಹೊಡೆದುಕೊಟ್ಟ.

ಎದುರು ಮನೆಯವರೂ ನಾನೂ ಸೇರಿ ಇನ್ನೊಂದು ಕ್ಯಾಮೆರಾ ಹಾಕಿಸಿದೆವು. ಮಹಡಿ ಎತ್ತರದಲ್ಲಿ ಹಾಕಿದರೆ ತಲೆ ಮಾತ್ರ ಕಾಣುತ್ತದೆ. ಇದನ್ನು ಎದೆಯೆತ್ತರದಲ್ಲಿ, ರಸ್ತೆ ಉದ್ದಕ್ಕೆ ನೋಡುವಂತೆ ಇಟ್ಟು ಪಕ್ಕದಲ್ಲಿ ಒಂದು ಬಲ್ಬು ಹಾಕಿದೆವು. ಮೂರು ರಾತ್ರಿ ನಾನೇ ಸ್ಕೂಟರ್ ಓಡಿಸಿಕೊಂಡು ಬಂದೆ, ಅವರು ಒಳಗಿಂದ ನೋಡಿದರು. ಮೂರನೇ ರಾತ್ರಿ ಕ್ಯಾಮೆರಾದ ಮುಖ ಸ್ವಲ್ಪ ತಿರುಗಿಸಿದ ಮೇಲೆ, "ಬಂತು ನೋಡ್ರಿ, ನಾಲ್ಕೂ ನಂಬರು ಕಾಣ್ತು" ಅಂತ ಕಿಟಕಿಯಿಂದ ಕೂಗಿದರು.